ಎದುರಿಗೆ ಕೂತವರ ಮುಖ ಬರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಮೈಸೂರಿನ ಒಂದು ಮನೆಯ ಮಹಡಿಯಲ್ಲಿ ನಾವು ಹತ್ತು ಹನ್ನೆರಡು ಜನ ಸೇರುತ್ತೇವೆ. ನಡುವೆ ಒಂದು ಕುರ್ಚಿ. ಅದರಲ್ಲಿ ಒಬ್ಬರು ಕೂರುತ್ತಾರೆ, ಅವರೇ ಆ ದಿನದ ಮಾಡೆಲ್. ಉಳಿದವರು ಸುತ್ತ ಕೂತು ಅವರ ಮುಖ ಬರೆಯುತ್ತೇವೆ. ಹನ್ನೆರಡೂವರೆಗೆ ಮುಗಿಯುತ್ತದೆ. ಹೊಸದಾಗಿ ಬರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ನಿಮ್ಮ ಊರಿನಲ್ಲೂ ಇಂಥದ್ದೊಂದು ಗುಂಪು ಶುರು ಮಾಡುವುದಾದರೆ ಇದನ್ನೇ ಇಟ್ಟುಕೊಂಡು ಶುರು ಮಾಡಬಹುದು.

ನನಗೆ ಚಿತ್ರ ಬರೆಯೋಕೆ ಬರಲ್ಲ. ಆದರೂ ಬರಬಹುದಾ?

ಬನ್ನಿ. ನಮ್ಮಲ್ಲಿ ಕಲಾಶಾಲೆಯಲ್ಲಿ ಓದಿದವರು ಇಬ್ಬರೋ ಮೂವರೋ ಅಷ್ಟೇ. ಬ್ಯಾಂಕಿನಿಂದ ನಿವೃತ್ತರಾದವರು, ಎಂಜಿನಿಯರಿಂಗ್ ಓದುತ್ತಿರುವ ಹುಡುಗಿ, ಒಬ್ಬ ಟೈಲರ್ ಇದ್ದಾರೆ. ಆ ಟೈಲರ್ ಬಂದ ಮೊದಲ ದಿನವೇ, "ಇವರ ಎಡಭುಜ ಒಂಚೂರು ಇಳಿದಿದೆ ನೋಡಿ" ಎಂದರು. ನಾವು ಯಾರೂ ಅದನ್ನು ಗಮನಿಸಿರಲಿಲ್ಲ. ಅಳತೆ ನೋಡಿ ಪಳಗಿದ ಕಣ್ಣು ಅವರದು. ಕೈ ನಿಧಾನಕ್ಕೆ ಬರುತ್ತದೆ. ಮೊದಲು ಬೇಕಾಗಿರುವುದು ನೋಡುವ ಆಸೆ.

ಫೋಟೋ ನೋಡಿಕೊಂಡೇ ಬರೆಯಬಹುದಲ್ವಾ? ಯಾರನ್ನೋ ಮೂರು ಗಂಟೆ ಯಾಕೆ ಕೂರಿಸಬೇಕು?

ಫೋಟೋ ನೋಡಿ ಬರೆಯುವುದು ತಪ್ಪೇನಲ್ಲ. ನಾನೂ ಬರೆದಿದ್ದೇನೆ. ಆದರೆ ಎರಡೂ ಬೇರೆ ಬೇರೆ ಕೆಲಸ.

ಮೊಬೈಲನ್ನು ಮುಖದ ಹತ್ತಿರ ಹಿಡಿದು ತೆಗೆದ ಫೋಟೋ ನೋಡಿ. ಮೂಗು ದೊಡ್ಡದಾಗಿರುತ್ತದೆ, ಕಿವಿ ಹಿಂದಕ್ಕೆ ಓಡಿರುತ್ತದೆ. ನೆರಳಿನ ಭಾಗ ಎಷ್ಟೋ ಸಲ ಬರೀ ಕಪ್ಪಾಗಿ ಬಿದ್ದಿರುತ್ತದೆ. ಅದೇ ನೆರಳನ್ನು ಎದುರಿಗೆ ಕೂತು ನೋಡಿದರೆ ಅದರೊಳಗೆ ದವಡೆಯ ಮೂಳೆ ಕಾಣುತ್ತದೆ. ಅವರ ಬಿಳಿ ಅಂಗಿಯ ಮೇಲೆ ಬಿದ್ದ ಬೆಳಕು ಮೇಲಕ್ಕೆ ಚಿಮ್ಮಿ ಗದ್ದದ ಕೆಳಗೆ ಮೆತ್ತಗೆ ಕೂತಿರುವುದೂ ಕಾಣುತ್ತದೆ. ಮತ್ತೆ, ಫೋಟೋದಲ್ಲಿ ಇರುವುದು ಒಂದು ಕ್ಷಣ. ಮೂರು ಗಂಟೆ ನೋಡಿ ಬರೆದ ಚಿತ್ರದಲ್ಲಿ ಆ ಮೂರು ಗಂಟೆಯೂ ಇರುತ್ತದೆ. ಅವರು ಉಸಿರಾಡಿದ್ದು, ಏನನ್ನೋ ನೆನೆಸಿಕೊಂಡಿದ್ದು, ಸುಸ್ತಾಗಿದ್ದು ಎಲ್ಲವೂ ನಿಮ್ಮ ಗೆರೆಯೊಳಗೆ ಸೇರಿಕೊಳ್ಳುತ್ತದೆ. ಅದಕ್ಕೇ ನಾನು ಭಾನುವಾರ ತಪ್ಪಿಸುವುದಿಲ್ಲ.

ಏನೇನು ತರಬೇಕು?

ಜಾಸ್ತಿ ಏನೂ ಬೇಡ. ಎ3 ಅಳತೆಯ ಕಾರ್ಟ್ರಿಜ್ ಪೇಪರ್, ಅಂದರೆ ಚಿತ್ರ ಬರೆಯುವ ದಪ್ಪ ಕಾಗದ, ನಾಲ್ಕೈದು ಹಾಳೆ. ಅದಕ್ಕಿಂತ ಸ್ವಲ್ಪ ದೊಡ್ಡ ಹಲಗೆ, ಎರಡು ಕ್ಲಿಪ್. ಎಚ್‌ಬಿ, 2ಬಿ, 4ಬಿ, 6ಬಿ ಪೆನ್ಸಿಲ್. ಸಾಧ್ಯವಾದರೆ ನಾಲ್ಕು ಕಡ್ಡಿ ಚಾರ್ಕೋಲ್, ಅಂದರೆ ಚಿತ್ರ ಬರೆಯುವ ಇದ್ದಿಲು. ಹಳೆಯ ಕಾಟನ್ ಬಟ್ಟೆಯ ತುಂಡು.

ಪೆನ್ಸಿಲನ್ನು ಶಾರ್ಪ್‌ನರ್‌ನಲ್ಲಿ ಕೆತ್ತಬೇಡಿ. ಬ್ಲೇಡಿನಿಂದ ಕೆತ್ತಿ, ಸೀಸ ಅರ್ಧ ಇಂಚಿಗಿಂತ ಹೆಚ್ಚು ಹೊರಗಿರಲಿ. ಆಗ ಅದನ್ನು ಮಲಗಿಸಿ ಎಳೆದರೆ ನೆರಳು, ಎತ್ತಿ ಹಿಡಿದರೆ ಗೆರೆ. ಅಂಗಡಿಯಲ್ಲಿ ನೀಡೆಡ್ ಎರೇಸರ್ ಎಂದು ಕೇಳಿದರೆ ಬೂದು ಬಣ್ಣದ ಒಂದು ಮೆತ್ತನೆ ರಬ್ಬರ್ ಕೊಡುತ್ತಾರೆ. ಚಪಾತಿ ಹಿಟ್ಟಿನ ಹಾಗೆ ನಾದಬಹುದು. ಅದನ್ನು ಉಜ್ಜಬಾರದು, ಒತ್ತಿ ತೆಗೆಯಬೇಕು. ಕೂದಲಿನ ಮೇಲಿನ ಹೊಳಪು, ಕೆಳತುಟಿಯ ಮೇಲಿನ ಸಣ್ಣ ಬೆಳಕು ಇವನ್ನೆಲ್ಲ ಅದರ ತುದಿ ಚೂಪು ಮಾಡಿ ಎತ್ತುತ್ತೇವೆ.

ಬೆರಳಿನಿಂದ ಉಜ್ಜಬೇಡಿ ಎಂದು ಮಾತ್ರ ಬೇಡಿಕೊಳ್ಳುತ್ತೇನೆ. ಬೆರಳಿನ ಎಣ್ಣೆ ಕಾಗದಕ್ಕೆ ಹತ್ತಿದರೆ ಅಲ್ಲಿ ಮತ್ತೆ ಗೆರೆ ಸರಿಯಾಗಿ ಕೂರುವುದಿಲ್ಲ.

ಎಲ್ಲಿ ಕೂರಬೇಕು?

ಮುಖದ ಚಿತ್ರಕ್ಕೆ ಆರರಿಂದ ಎಂಟು ಅಡಿ ದೂರ ಸರಿಯಾಗುತ್ತದೆ. ಅದಕ್ಕಿಂತ ಹತ್ತಿರ ಹೋದರೆ ಇಡೀ ತಲೆ ಒಂದೇ ನೋಟಕ್ಕೆ ಸಿಗುವುದಿಲ್ಲ. ನಾವು ಅರ್ಧ ವೃತ್ತದಲ್ಲಿ ಕೂರುತ್ತೇವೆ: ಮುಂದಿನವರು ಮಣೆಯ ಮೇಲೆ, ನಡುವಿನವರು ಸ್ಟೂಲಿನ ಮೇಲೆ, ಹಿಂದಿನವರು ಈಸಲ್ (ಹಲಗೆ ನಿಲ್ಲಿಸುವ ಸ್ಟ್ಯಾಂಡ್) ಇಟ್ಟು ನಿಂತು. ಹೊಸಬರಿಗೆ ಮುಖ ಸ್ವಲ್ಪ ತಿರುಗಿ ಕಾಣುವ ಜಾಗ ಬಿಟ್ಟುಕೊಡುತ್ತೇವೆ. ನೇರ ಎದುರಿನಿಂದ ಬರೆಯುವುದು ಸುಲಭ ಎಂದು ಅನಿಸುತ್ತದೆ, ಆದರೆ ಮೂಗು ನಿಮ್ಮ ಕಡೆಗೇ ಚಾಚಿರುತ್ತದೆ. ಅದನ್ನು ಕಾಗದದಲ್ಲಿ ಹಿಡಿಯುವುದು ಕಷ್ಟ.

ಬಲಗೈಯವರು ಹಲಗೆಯ ಎಡಪಕ್ಕದಿಂದ ಮಾಡೆಲನ್ನು ನೋಡುವ ಹಾಗೆ ಕೂರಿ. ಎಡಗೈಯವರು ಬಲಪಕ್ಕದಿಂದ. ಇಲ್ಲದಿದ್ದರೆ ನಿಮ್ಮ ಕೈಯೇ ಅಡ್ಡ ಬರುತ್ತದೆ. ಹಲಗೆ ತೊಡೆಯ ಮೇಲೆ ಅಡ್ಡ ಮಲಗಿರಬಾರದು, ಎದ್ದು ನಿಂತಿರಬೇಕು. ಮಲಗಿಸಿ ಬರೆದ ಚಿತ್ರವನ್ನು ಆಮೇಲೆ ಗೋಡೆಗೆ ಒರಗಿಸಿ ನೋಡಿದರೆ ತಲೆ ಸೋರೆಕಾಯಿಯ ಹಾಗೆ ಉದ್ದವಾಗಿರುತ್ತದೆ. ಓರೆಯಾಗಿ ನೋಡುವಾಗ ಕಾಗದದ ಮೇಲ್ಭಾಗ ಕಣ್ಣಿಗೆ ಕುಗ್ಗಿ ಕಂಡಿರುತ್ತದೆ, ಕೈ ಅದನ್ನು ಸರಿಮಾಡಲು ಹೋಗಿ ಎಳೆದಿರುತ್ತದೆ.

ಬೆಳಕಿನ ವಿಷಯದಲ್ಲಿ ಇಷ್ಟು ಹಟ ಯಾಕೆ?

ಬೆಳಕು ಒಂದೇ ಕಡೆಯಿಂದ ಬರಬೇಕು. ಬಂದ ತಕ್ಷಣ ಮೊದಲು ಮಾಡುವ ಕೆಲಸ ಟ್ಯೂಬ್‌ಲೈಟ್ ಆರಿಸುವುದು. ಎರಡು ಕಡೆಯಿಂದ ಬೆಳಕು ಬಿದ್ದರೆ ನೆರಳೇ ಉಳಿಯುವುದಿಲ್ಲ. ಮುಖ ಚಪ್ಪಟೆಯಾಗುತ್ತದೆ.

ಉತ್ತರದ ಕಿಟಕಿ ಒಳ್ಳೆಯದು, ಅಲ್ಲಿ ಬಿಸಿಲು ನೇರ ಬೀಳುವುದಿಲ್ಲ, ನೆರಳು ಸರಿದಾಡುವುದಿಲ್ಲ ಎಂದು ಯುರೋಪಿನ ಕಲಾವಿದರು ಹೇಳುತ್ತಾ ಬಂದಿದ್ದಾರೆ. ಅವರ ಊರಿಗೆ ಅದು ಸರಿ. ಮೈಸೂರು ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಬೆಳಗಿನ ಬಿಸಿಲೂ ಉತ್ತರದ ಕಿಟಕಿಯಿಂದ ಓರೆಯಾಗಿ ಒಳಗೆ ಬರುತ್ತದೆ. ಹಾಗಾಗಿ ಆ ತಿಂಗಳುಗಳಲ್ಲಿ ನಾವು ಕಿಟಕಿಗೆ ಒಂದು ಬಿಳಿ ಪಂಚೆ ಕಟ್ಟುತ್ತೇವೆ. ಅದರಿಂದ ಸೋಸಿ ಬರುವ ಬೆಳಕು ಎಷ್ಟು ಚೆನ್ನಾಗಿರುತ್ತದೆ ಎಂದರೆ, ಆ ತಿಂಗಳುಗಳು ಮುಗಿದ ಮೇಲೂ ಅದನ್ನು ಬಿಚ್ಚಲು ನನಗೆ ಮನಸ್ಸು ಬರುವುದಿಲ್ಲ. ಮೋಡ ಕವಿದ ದಿನ ಒಂದು ಸ್ಟ್ಯಾಂಡ್ ದೀಪವನ್ನು ಮಾಡೆಲ್‌ನ ತಲೆಗಿಂತ ಎತ್ತರದಲ್ಲಿ, ಒಂದು ಪಕ್ಕಕ್ಕೆ ಇಡುತ್ತೇವೆ.

ಮೂರು ಗಂಟೆ ಹೇಗೆ ಕಳೆಯುತ್ತದೆ?

ಮೊದಲು ಎರಡೆರಡು ನಿಮಿಷದ ಐದು ಪೋಸ್, ಆಮೇಲೆ ಐದೈದು ನಿಮಿಷದ ಎರಡು. ಇವು ಕೈ ಬಿಸಿಯಾಗಲು. ಚೆನ್ನಾಗಿ ಬರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಆಮೇಲೆ ಒಂದೇ ಪೋಸ್, ಇಪ್ಪತ್ತು ನಿಮಿಷದಂತೆ ಐದು ಸಲ. ನಡುನಡುವೆ ಐದು ನಿಮಿಷ ವಿರಾಮ. ಒಂದು ಸಲ ಕಾಫಿ. ಟೈಮರ್ ಹೊಡೆದ ಕೂಡಲೇ ಪೆನ್ಸಿಲ್ ಕೆಳಗಿಡಬೇಕು. "ಒಂದೇ ನಿಮಿಷ, ಕಿವಿ ಮುಗಿಸಿಬಿಡ್ತೀನಿ" ಎನ್ನುವಂತಿಲ್ಲ. ಆ ಒಂದು ನಿಮಿಷ ಕೂರಬೇಕಾದವರು ನೀವಲ್ಲ.

ಮಾಡೆಲ್ ಅಲುಗಾಡಿದರೆ?

ಅಲುಗಾಡುತ್ತಾರೆ. ಜೀವ ಇರುವವರು ಅಲುಗಾಡಲೇಬೇಕು. ಕುರ್ಚಿಯ ಕಾಲು, ಅವರ ಪಾದ ಎಲ್ಲಿದ್ದವೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇವೆ. ಕಣ್ಣು ನೆಡಲು ಗೋಡೆಯ ಮೇಲೆ ಒಂದು ಜಾಗ ಅವರೇ ಆರಿಸಿಕೊಳ್ಳುತ್ತಾರೆ. ವಿರಾಮ ಮುಗಿದ ಮೇಲೆ ಯಾರಾದರೂ ಒಬ್ಬರು ಮಾತ್ರ, "ಗದ್ದ ಒಂಚೂರು ಎಡಕ್ಕಮ್ಮಾ" ಎಂದು ಹೇಳಿ ಸರಿಪಡಿಸುತ್ತಾರೆ. ಮಾಡೆಲನ್ನು ಮುಟ್ಟಿ ತಿರುಗಿಸುವುದಿಲ್ಲ. ಯಾವ ಕಾರಣಕ್ಕೂ ಇಲ್ಲ.

ಇನ್ನೊಂದು ವಿಷಯ. ಮೊದಲ ಐದು ಹತ್ತು ನಿಮಿಷ ಎಲ್ಲರೂ ಫೋಟೋಗೆ ಕೂತ ಹಾಗೆ ಕೂತಿರುತ್ತಾರೆ. ಕತ್ತು ಬಿಗಿ, ತುಟಿ ಬಿಗಿ. ಆಮೇಲೆ ಭುಜ ಇಳಿಯುತ್ತದೆ, ತಲೆ ಕಾಲಿಂಚು ಕೆಳಗೆ ಬರುತ್ತದೆ, ರೆಪ್ಪೆ ಭಾರವಾಗುತ್ತದೆ. ಅದೇ ಅವರ ಮುಖ. ಮೊದಲ ಗೆರೆಗಳನ್ನು ತೆಳುವಾಗಿ ಹಾಕಿ ಎಂದು ಹೇಳುವುದು ಅದಕ್ಕೇ.

ದೇವರಾಜ ಮಾರುಕಟ್ಟೆಯ ಹತ್ತಿರ ಹೂವು ಮಾರುವ ಒಬ್ಬ ಅಜ್ಜಿ ಒಂದು ಭಾನುವಾರ ಬಂದು ಕೂತಿದ್ದರು. ಅವರಿಗೆ ಸುಮ್ನೆ ಕೂರಲು ಆಗುತ್ತಲೇ ಇರಲಿಲ್ಲ. ಮಡಿಲಲ್ಲಿ ಬೆರಳುಗಳು ಆಡುತ್ತಲೇ ಇದ್ದವು. ಎರಡನೇ ಸರದಿಗೆ ನಮ್ಮವರೊಬ್ಬರು ಕೆಳಗೆ ಹೋಗಿ ಒಂದಿಷ್ಟು ಮಲ್ಲಿಗೆ ಮೊಗ್ಗು, ಬಾಳೆನಾರು ತಂದುಕೊಟ್ಟರು. ಅಷ್ಟೇ. ಕೈ ತನ್ನ ಪಾಡಿಗೆ ಕಟ್ಟುತ್ತಾ ಹೋಯಿತು, ಮುಖ ನಿಂತ ನೀರಿನ ಹಾಗಾಯಿತು. ಕತ್ತು ಸ್ವಲ್ಪ ಬಾಗಿ, ಕಣ್ಣು ಅರ್ಧ ಇಳಿದು, ಕೆಳತುಟಿ ತುಸು ಮುಂದೆ. ಆ ದಿನ ಎಲ್ಲರ ಚಿತ್ರವೂ ಚೆನ್ನಾಗಿ ಬಂತು.

ಎಲ್ಲಿಂದ ಶುರು ಮಾಡಬೇಕು? ಕಣ್ಣಿನಿಂದಲಾ?

ಕಣ್ಣಿನಿಂದ ಬೇಡ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ಏಕೆಂದರೆ ಮಾತಾಡುವಾಗ ನಾವು ನೋಡುವುದು ಕಣ್ಣನ್ನೇ. ಮೊದಲ ಭಾನುವಾರ ನಾನೂ ಹಾಗೇ ಮಾಡಿದೆ. ರೆಪ್ಪೆಯ ಕೂದಲನ್ನೂ ಬಿಡದೆ ಎರಡು ಕಣ್ಣು ಬರೆದೆ. ಆಮೇಲೆ ನೋಡಿದರೆ ಹಣೆಗೆ ಕಾಗದದಲ್ಲಿ ಜಾಗವೇ ಇರಲಿಲ್ಲ.

ಮೊದಲು ಇಡೀ ತಲೆಯ ಆಕಾರ. ನೆತ್ತಿ ಎಲ್ಲಿ, ಗದ್ದ ಎಲ್ಲಿ ಎಂದು ಎರಡು ಸಣ್ಣ ಗುರುತು. ತಲೆ ಯಾವ ಕಡೆ ವಾಲಿದೆ ಎಂದು ಒಂದು ಗೆರೆ. ಕತ್ತು ಆ ಗೆರೆಯ ಜೊತೆಗಿದೆಯೋ, ಬೇರೆ ದಿಕ್ಕಿಗೆ ಹೊರಟಿದೆಯೋ ನೋಡಿ. ಬಹಳಷ್ಟು ಸಲ ಬೇರೆಯೇ ಇರುತ್ತದೆ, ಮನುಷ್ಯರ ನಿಲುವು ಇರುವುದೇ ಅದರಲ್ಲಿ.

ಆಮೇಲೆ ಕಣ್ಣಿನ ಸಾಲು. ತಲೆ ನೇರವಾಗಿದ್ದರೆ ನೆತ್ತಿಯಿಂದ ಗದ್ದದವರೆಗಿನ ಉದ್ದದ ಸರಿ ಅರ್ಧಕ್ಕೆ ಕಣ್ಣು ಬರುತ್ತದೆ. ಹೇಳಿದರೆ ಯಾರೂ ನಂಬುವುದಿಲ್ಲ. ಕನ್ನಡಿಯ ಮುಂದೆ ನಿಂತು ಕೈಯಲ್ಲಿ ಅಳೆದು ನೋಡಿ. ಕಣ್ಣು ಮೂಗು ಬಾಯಿಯ ಮೇಲೆ ನಮಗೆ ಪ್ರೀತಿ ಜಾಸ್ತಿ, ಹಣೆ ತಲೆಯ ಮೇಲೆ ಕಡಿಮೆ. ಹಾಗಾಗಿ ಹೊಸಬರ ಚಿತ್ರದಲ್ಲಿ ಮೇಲಿನ ಅರ್ಧ ಯಾವಾಗಲೂ ಮೊಟಕು. ಎರಡು ಕಣ್ಣಿನ ನಡುವೆ ಸುಮಾರು ಒಂದು ಕಣ್ಣಿನಷ್ಟು ಜಾಗ. ಕಿವಿ ಹುಬ್ಬಿನ ಮಟ್ಟದಿಂದ ಮೂಗಿನ ಬುಡದ ಮಟ್ಟದವರೆಗೆ. ಆದರೆ ತಲೆ ಬಗ್ಗಿದರೆ ಕಿವಿ ಮೇಲೇರುತ್ತದೆ, ತಲೆ ಎತ್ತಿದರೆ ಕೆಳಗಿಳಿಯುತ್ತದೆ. ಈ ಲೆಕ್ಕಗಳನ್ನು ದಾರಿ ತಪ್ಪಿದಾಗ ಕೇಳಿಕೊಳ್ಳಲು ಇಟ್ಟುಕೊಳ್ಳಿ. ಎದುರಿಗಿರುವ ಮುಖ ಬೇರೆ ಹೇಳಿದರೆ ಮುಖದ ಮಾತೇ ಸರಿ.

ಆಮೇಲೆ ಕಣ್ಣು ಅರ್ಧ ಮುಚ್ಚಿ ನೋಡಿ. ಸಣ್ಣಪುಟ್ಟದ್ದೆಲ್ಲ ಕರಗಿ ಬೆಳಕು ಒಂದು ಕಡೆ, ನೆರಳು ಒಂದು ಕಡೆ ನಿಲ್ಲುತ್ತದೆ. ಕಣ್ಣಿನ ಗುಳಿ, ಮೂಗಿನ ಪಕ್ಕ, ಮೇಲ್ದುಟಿ, ಗದ್ದದ ಕೆಳಗೆ ಎಲ್ಲ ಸೇರಿ ಒಂದೇ ನೆರಳಿನ ತುಂಡಾಗಿರುತ್ತದೆ. ಅದನ್ನು ಒಂದು ಜಿಲ್ಲೆಯ ನಕ್ಷೆ ಬರೆಯುವ ಹಾಗೆ ಅಂಚು ಹಿಡಿದು ಬರೆಯಿರಿ, ಒಳಗೆ ಒಂದೇ ಸಮ ತುಂಬಿ. ಇಷ್ಟು ಮಾಡಿದರೆ ಕಣ್ಣು ಬರೆಯುವ ಮೊದಲೇ ಅವರು ಯಾರೆಂದು ಗುರುತು ಸಿಗುತ್ತದೆ.

ಪೆನ್ಸಿಲ್ ಮುಂದೆ ಚಾಚಿ ಒಂದು ಕಣ್ಣು ಮುಚ್ಚುತ್ತಾರಲ್ಲ, ಅದೇನು?

ಅಳತೆ. ಮೊಣಕೈ ಮಡಿಸದೆ ಕೈ ಪೂರ್ತಿ ಚಾಚಿ. ಪೆನ್ಸಿಲ್‌ನ ತುದಿಯಿಂದ ಹೆಬ್ಬೆರಳಿನ ತನಕ ಮೂಗಿನ ಉದ್ದ ಹಿಡಿಯಿರಿ. ಅದೇ ಅಳತೆ ಹಣೆಗೆ ಎಷ್ಟು ಸಲ, ಗದ್ದಕ್ಕೆ ಎಷ್ಟು ಸಲ ಎಂದು ನೋಡಿ. ಕೈ ಮಡಿಸಿದರೆ ಪ್ರತಿ ಸಲವೂ ಬೇರೆ ಅಳತೆ ಸಿಗುತ್ತದೆ. ಪೆನ್ಸಿಲನ್ನು ನೇರ ತೂಗುಬಿಟ್ಟು ಹಿಡಿದರೆ ಇನ್ನೊಂದು ಉಪಯೋಗ: ಕಣ್ಣಿನ ಒಳಮೂಲೆಯಿಂದ ಇಳಿಬಿಟ್ಟರೆ ಮೂಗಿನ ಹೊಳ್ಳೆಗೆ ತಾಗುತ್ತದೋ, ತುಟಿಯ ಅಂಚಿಗೋ? ಗಾರೆ ಕೆಲಸದವರು ತೂಕದ ಗುಂಡು ಇಳಿಬಿಡುವುದೂ ಇದೇ ಲೆಕ್ಕದಲ್ಲಿ.

ಎಲ್ಲ ಸರಿ ಇದೆ, ಆದರೆ ಅವರ ಹಾಗೆ ಕಾಣುತ್ತಿಲ್ಲ. ಏನು ಮಾಡಲಿ?

ಕಣ್ಣನ್ನು ತಿದ್ದಲು ಹೋಗಬೇಡಿ. ತಪ್ಪು ಅಲ್ಲಿರುವುದು ಕಡಿಮೆ. ರಸ್ತೆಯ ಆ ತುದಿಯಲ್ಲಿ ಬರುತ್ತಿರುವ ಅಣ್ಣನನ್ನೋ ಗೆಳತಿಯನ್ನೋ ನೀವು ಕಣ್ಣು ಮೂಗು ನೋಡಿ ಗುರುತಿಸುವುದಿಲ್ಲ, ಅಲ್ವಾ? ತಲೆಯ ಆಕಾರ, ಕತ್ತು ಕೂತಿರುವ ರೀತಿಯಲ್ಲೇ ಗೊತ್ತಾಗುತ್ತದೆ. ಹೋಲಿಕೆ ಇರುವುದು ಅಂಗಗಳಿಗಿಂತ ಹೆಚ್ಚಾಗಿ ಅಂಗಗಳ ನಡುವಿನ ದೂರದಲ್ಲಿ. ಮೂಗಿನ ಬುಡದಿಂದ ಮೇಲ್ದುಟಿಗೆ ಎಷ್ಟು ಅಂತರ ಎನ್ನುವುದು ಒಂದು ನೂಲು ಹೆಚ್ಚುಕಡಿಮೆ ಆದರೂ ಬೇರೆ ಮನುಷ್ಯರೇ ಆಗಿಬಿಡುತ್ತಾರೆ.

ಎದ್ದು ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಚಿತ್ರವನ್ನು ತಲೆಕೆಳಗು ಮಾಡಿ ನೋಡಿ. ಒಂದು ಪುಟ್ಟ ಕನ್ನಡಿಯಲ್ಲಿ ಚಿತ್ರವನ್ನೂ ಮಾಡೆಲನ್ನೂ ಒಟ್ಟಿಗೆ ನೋಡಿ. ಅಷ್ಟು ಹೊತ್ತು ಕಾಣದೇ ಇದ್ದ ಸೊಟ್ಟ ಥಟ್ಟನೆ ಕಾಣುತ್ತದೆ.

ಕಪ್ಪು ಮೈಬಣ್ಣದವರನ್ನು ಬರೆಯುವಾಗ ಇಡೀ ಮುಖ ಕಪ್ಪು ಮಾಡಬೇಕಾ?

ಈ ಪ್ರಶ್ನೆ ಕೇಳಿದವರಿಗೆಲ್ಲ ನಾನು ಸ್ವಲ್ಪ ಹೆಚ್ಚೇ ಹೊತ್ತು ಉತ್ತರ ಹೇಳುತ್ತೇನೆ. ನಮ್ಮಲ್ಲಿ ಇನ್ನೊಂದು ಅಭ್ಯಾಸವೂ ಇದೆ, ಮುಖವನ್ನು ಬೇಕೆಂದೇ ಬೆಳ್ಳಗೆ ಬಿಟ್ಟುಬಿಡುವುದು, ಕೂತವರಿಗೆ ಬೇಜಾರಾಗುತ್ತದೆ ಎಂದು. ಎರಡೂ ಸರಿಯಲ್ಲ. ಕಪ್ಪು ಮೈಬಣ್ಣದ ಮೇಲೆ ಬೆಳಕು ಆಡುವ ರೀತಿಯೇ ಬೇರೆ. ಹಣೆಯ ಉಬ್ಬು, ಕೆನ್ನೆಯ ಮೂಳೆ, ಮೂಗಿನ ತುದಿ, ಕೆಳತುಟಿ ಇವುಗಳ ಮೇಲೆ ಹೊಳಪು ಚೂಪಾಗಿ, ಸ್ಪಷ್ಟವಾಗಿ ಕೂರುತ್ತದೆ. ಬೆಳ್ಳಗಿನ ಮುಖದಲ್ಲಿ ಅಷ್ಟು ಎದ್ದು ಕಾಣುವುದಿಲ್ಲ.

ಮೊದಲು ಚಾರ್ಕೋಲನ್ನು ಮಲಗಿಸಿ ಇಡೀ ಮುಖಕ್ಕೆ ಒಂದು ಮಧ್ಯಮ ಬಣ್ಣ ಹಚ್ಚಿ. ನೆರಳನ್ನು ಅದಕ್ಕಿಂತ ಗಾಢವಾಗಿ ಹಾಕಿ. ಆಮೇಲೆ ಆ ಮೆತ್ತನೆ ರಬ್ಬರಿನಿಂದ ಹೊಳಪನ್ನು ಎತ್ತಿ ತೆಗೆಯಿರಿ. ಕಂದು ಬಣ್ಣದ ಕಾಗದ ಸಿಕ್ಕರೆ ಇನ್ನೂ ಚೆನ್ನ: ಕಾಗದವೇ ಮೈಬಣ್ಣ, ಚಾರ್ಕೋಲ್ ನೆರಳು, ಬಿಳಿ ಸೀಮೆಸುಣ್ಣದ ಪೆನ್ಸಿಲ್ ಬೆಳಕು.

ಮೂಗುಬೊಟ್ಟು, ಕನ್ನಡಕ, ಸುಕ್ಕು?

ಕೊನೆಗೆ. ಕನ್ನಡಕದ ಹಿಂದೆ ಕಣ್ಣು ಮೊದಲು ಕೂತಿರಬೇಕು. ಸುಕ್ಕನ್ನು ಗೆರೆಯಾಗಿ ಎಳೆದರೆ ಗಾಯದ ಹಾಗೆ ಕಾಣುತ್ತದೆ. ಅದಕ್ಕೂ ಒಂದು ಬೆಳಕಿನ ಕಡೆ, ಒಂದು ನೆರಳಿನ ಕಡೆ ಇದೆ.

ಮಾಡೆಲ್ ಆಗಿ ಯಾರು ಬರುತ್ತಾರೆ? ದುಡ್ಡು ಕೊಡುತ್ತೀರಾ?

ಕೊಡುತ್ತೇವೆ, ಖಂಡಿತ. ಅವರ ಒಂದು ದಿನದ ದುಡಿಮೆಗೆ ಕಡಿಮೆಯಾಗದಂತೆ. ಬಂದವರೆಲ್ಲ ಸಮನಾಗಿ ಹಾಕುತ್ತೇವೆ, ಶುರುವಾಗುವ ಮೊದಲೇ ಕವರ್ ಅವರ ಕೈಗೆ ಹೋಗುತ್ತದೆ. ಆಟೋ ಓಡಿಸುವವರು, ಪಕ್ಕದ ಬೀದಿಯ ಅಜ್ಜಂದಿರು, ಗಮಕ ಹೇಳುವ ಒಬ್ಬ ಮೇಷ್ಟ್ರು ಬಂದು ಕೂತಿದ್ದಾರೆ. ಕೂರುವುದು ಸಣ್ಣ ಕೆಲಸ ಎಂದು ಯಾರಿಗಾದರೂ ಅನಿಸಿದರೆ ಒಮ್ಮೆ ಆ ಕುರ್ಚಿಯಲ್ಲಿ ಇಪ್ಪತ್ತು ನಿಮಿಷ ಕೂತು ನೋಡಲಿ. ಹತ್ತನೇ ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತದೆ, ಮೂಗು ತುರಿಸುತ್ತದೆ. ನಮ್ಮ ಗುಂಪಿನ ಪ್ರತಿಯೊಬ್ಬರೂ ವರ್ಷಕ್ಕೆ ಒಂದು ಸಲ ಕೂರಬೇಕು ಎಂಬ ನಿಯಮ ಮಾಡಿಕೊಂಡಿದ್ದು ಅದಕ್ಕೇ.

ಬಟ್ಟೆ ತೆಗೆದು ಕೂರಬೇಕಾ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ.

ಇಲ್ಲ. ಇದು ಮುಖದ ಚಿತ್ರ. ನಿಮಗೆ ಇಷ್ಟವಾದ ಬಟ್ಟೆ ಹಾಕಿಕೊಂಡು ಬನ್ನಿ. ಜೊತೆಗೆ ಮನೆಯವರೂ ಬಂದು ಕೂರಬಹುದು.

ಫೋಟೋ ತೆಗೆದುಕೊಂಡು ಮನೆಯಲ್ಲಿ ಮುಗಿಸಬಹುದಾ? ಚಿತ್ರವನ್ನು ಹಂಚಿಕೊಳ್ಳಬಹುದಾ?

ಮಾಡೆಲ್‌ನ ಫೋಟೋ ತೆಗೆಯುವಂತಿಲ್ಲ. ನಿಮ್ಮ ಚಿತ್ರದ ಫೋಟೋ ತೆಗೆಯಬಹುದು, ಆದರೆ ಹಂಚಿಕೊಳ್ಳುವ ಮೊದಲು ಅವರನ್ನು ಕೇಳಬೇಕು. ಬೇಡ ಎಂದರೆ ಬೇಡ. ಕಾರಣ ಕೇಳುವುದಿಲ್ಲ.

ಬೇರೆಯವರು ನನ್ನ ಚಿತ್ರ ನೋಡುತ್ತಾರೆ ಎಂದರೆ ಕೈ ನಡುಗುತ್ತದೆ.

ಗೊತ್ತು. ಚಿಕ್ಕವನಿದ್ದಾಗ ಒಂದು ತರಗತಿಯಲ್ಲಿ ಹೇಳಿಕೊಡುತ್ತಿದ್ದವರು ನನ್ನ ಹಾಳೆ ಎಳೆದುಕೊಂಡು, ನಾನು ಒಂದು ಗಂಟೆ ಕಷ್ಟಪಟ್ಟು ಬರೆದ ಮೂಗನ್ನು ಅಳಿಸಿ ತಾವೇ ಬರೆದುಬಿಟ್ಟರು. ಅವರ ಮೂಗು ಚೆನ್ನಾಗಿತ್ತು. ಆದರೆ ಆಮೇಲೆ ಬಹಳ ವರ್ಷ ನಾನು ಪೆನ್ಸಿಲ್ ಮುಟ್ಟಲಿಲ್ಲ. ಹಾಗಾಗಿ ಇಲ್ಲಿ ಒಬ್ಬರ ಕಾಗದದ ಮೇಲೆ ಇನ್ನೊಬ್ಬರು ಗೆರೆ ಎಳೆಯುವುದಿಲ್ಲ. ತೋರಿಸಬೇಕಾದರೆ ಪಕ್ಕದ ಹಾಳೆಯಲ್ಲಿ ಬರೆದು ತೋರಿಸುತ್ತೇವೆ, ಅದೂ ಕೇಳಿದರೆ ಮಾತ್ರ.

ಕೊನೆಯಲ್ಲಿ ಎಲ್ಲ ಚಿತ್ರಗಳನ್ನೂ ಗೋಡೆಗೆ ಸಾಲಾಗಿ ಒರಗಿಸುತ್ತೇವೆ. ಒಂದೇ ಮುಖ, ಹನ್ನೆರಡು ಚಿತ್ರ. ಒಬ್ಬರಿಗೆ ದುಃಖ ಕಂಡಿದೆ, ಪಕ್ಕದವರಿಗೆ ಹಟ ಕಂಡಿದೆ. ನೀವು ಕೂತ ಜಾಗದಿಂದ ಕಾಣದ ಕಿವಿ ಇನ್ನೊಬ್ಬರ ಹಾಳೆಯಲ್ಲಿದೆ. ಮನೆಯಲ್ಲಿ ಒಬ್ಬರೇ ಕೂತು ಎಷ್ಟು ಅಭ್ಯಾಸ ಮಾಡಿದರೂ ಸಿಗದ ಪಾಠ ಇದು. ದಯವಿಟ್ಟು ಈ ಹದಿನೈದು ನಿಮಿಷ ಬಿಟ್ಟು ಓಡಬೇಡಿ.

ಮೈಸೂರಿನಲ್ಲಿ ನೋಡಿ ಕಲಿಯಲು ಏನಿದೆ?

ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿ. ರಾಜಾ ರವಿವರ್ಮರ ಚಿತ್ರಗಳಿವೆ. ದೀಪ ಹಿಡಿದು ನಿಂತ ಹೆಣ್ಣಿನ ಆ ಹೆಸರಾದ ಚಿತ್ರವೂ ಅಲ್ಲೇ ಇದೆ. ಅದನ್ನೂ ರವಿವರ್ಮರದ್ದು ಎಂದೇ ಬಹಳ ಜನ ತಿಳಿದಿದ್ದಾರೆ. ಬರೆದವರು ಎಸ್.ಎಲ್. ಹಳದಣಕರ್, 1940ರ ದಶಕದಲ್ಲಿ. ಎಣ್ಣೆಬಣ್ಣವಲ್ಲ, ಜಲವರ್ಣ. ದೀಪ ಹಿಡಿದು ನಿಂತವರು ಅವರ ಮಗಳೇ. ಜ್ವಾಲೆಗೆ ಅಡ್ಡ ಹಿಡಿದ ಬೆರಳುಗಳ ಸಂದಿಯಲ್ಲಿ ಕೆಂಪು ಬೆಳಕು ಹಾಯುವುದನ್ನು ಹತ್ತಿರ ನಿಂತು ನೋಡಿ. ಬೆಳಕು ಒಂದೇ ಕಡೆಯಿಂದ ಬರಬೇಕು ಎಂದು ನಾನು ಹಟ ಹಿಡಿಯುವುದು ಯಾಕೆ ಎಂದು ಅಲ್ಲಿ ಗೊತ್ತಾಗುತ್ತದೆ.

ಬೆಂಗಳೂರಿನವರಾದರೆ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಗೆ ಹೋಗಿ. ಬೀದಿಯಲ್ಲೇ ಕೂತು ಜನರ ಮುಖ ಬರೆದುಕೊಡುವವರ ಹಿಂದೆ ನಿಂತು, ಅವರು ಮೊದಲ ಗೆರೆ ಎಲ್ಲಿ ಹಾಕುತ್ತಾರೆ ಎಂದು ಗಮನಿಸಿ.

ಮುಗಿದ ಚಿತ್ರವನ್ನು ಏನು ಮಾಡಬೇಕು?

ಚಾರ್ಕೋಲ್ ಆದರೆ ಫಿಕ್ಸೆಟಿವ್ (ಪುಡಿ ಉದುರದಂತೆ ಹಿಡಿದಿಡುವ ಸ್ಪ್ರೇ) ಹೊಡೆಯಿರಿ, ಒಂದಡಿ ದೂರದಿಂದ, ಗಾಳಿ ಆಡುವ ಕಡೆ ನಿಂತು, ತೆಳುವಾಗಿ ಎರಡು ಸಲ. ನಡುವೆ ಬಟರ್ ಪೇಪರ್ ಇಟ್ಟು ಚಪ್ಪಟೆಯಾಗಿ ಇಡಿ, ಸುರುಳಿ ಸುತ್ತಬೇಡಿ. ಹಿಂದೆ ತಾರೀಖು ಬರೆಯಿರಿ.

ಅದಕ್ಕೂ ಮೊದಲು ಕೂತವರಿಗೆ ತೋರಿಸಬೇಕು. ಹನ್ನೆರಡರಲ್ಲಿ ಅವರಿಗೆ ಇಷ್ಟವಾದ ಒಂದನ್ನು ಅವರೇ ಆರಿಸಿ ಮನೆಗೆ ಒಯ್ಯುತ್ತಾರೆ, ಅದು ಯಾರದ್ದಾದರೂ ಸರಿ ಬಿಟ್ಟುಕೊಡಬೇಕು. ಆ ಹೂವಿನ ಅಜ್ಜಿ ಸಾಲಿನ ಮುಂದೆ ಬಹಳ ಹೊತ್ತು ನಿಂತಿದ್ದರು. ನಾವೆಲ್ಲ ಚೆನ್ನಾಗಿದೆ ಎಂದುಕೊಂಡಿದ್ದ ಚಿತ್ರಗಳನ್ನು ದಾಟಿ, ತಿಂಗಳ ಹಿಂದಷ್ಟೇ ಸೇರಿದ್ದ ಹುಡುಗಿಯ ಹಾಳೆಯ ಹತ್ತಿರ ಹೋದರು. ಅದರಲ್ಲಿ ಒಂದು ಕಣ್ಣು ಸ್ವಲ್ಪ ಮೇಲಿತ್ತು. "ನಮ್ಮವ್ವ ಹಿಂಗೇ ಕೂತ್ಕತಿದ್ಲು" ಎಂದರು. ಕಟ್ಟಿದ್ದ ಮಲ್ಲಿಗೆಯ ಅರ್ಧ ಮೊಳ ಆ ಹುಡುಗಿಗೆ ಕೊಟ್ಟು, ಹಾಳೆಯನ್ನು ಸೆರಗಿನೊಳಗೆ ಇಟ್ಟುಕೊಂಡು ಮೆಟ್ಟಿಲಿಳಿದರು.